ಹಿಡಿಗೂಡಿನ ಪರೀಕ್ಷೆಯೂ ಹನಿರಕ್ತದ ಪರೀಕ್ಷೆಯೂ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರಿಗೆ ಈ ದೃಶ್ಯವು ಹೊಸದಲ್ಲ. ಕನಕಪುರದಿಂದಲೋ ಮಾಗಡಿಯಿಂದಲೋ ಬಂದ ರೈತನು ತನ್ನ ಗೂಡಿನ ರಾಶಿಯ ಮುಂದೆ ನಿಂತಿರುತ್ತಾನೆ. ನೂಲು ಬಿಚ್ಚುವವನು ಒಂದು ಹಿಡಿ ಗೂಡನ್ನೆತ್ತಿ, ಅದುಮಿ, ಕಿವಿಯ ಬಳಿ ಅಲುಗಿಸಿ, ಎಷ್ಟು ಗೂಡಿಗೆ ಎಷ್ಟು ನೂಲು ಬಂದೀತೆಂದು ಮನಸ್ಸಿನಲ್ಲಿಯೇ ಲೆಕ್ಕಹಾಕಿ ಬೆಲೆ ಕಟ್ಟುತ್ತಾನೆ. ಆ ಲೆಕ್ಕವು ಬಹುಮಟ್ಟಿಗೆ ಸರಿಹೋಗುವುದುಂಟು. ಆದರೆ ನಿಜವು ತಿಳಿಯುವುದು ಗೂಡು ಬಿಸಿನೀರಿಗೆ ಬಿದ್ದು ಎಳೆ ಬಿಚ್ಚಿಕೊಂಡ ಮೇಲೆಯೇ. ವೈದ್ಯಶಾಸ್ತ್ರದಲ್ಲಿಯೂ ಇಂಥದೊಂದು ಪರೀಕ್ಷೆಯು ಈಚೆಗೆ ಬೆಳೆದುಬರುತ್ತಿದೆ. ಅದರ ಪ್ರಯೋಜನವೆಷ್ಟು, ಮಿತಿಯೆಷ್ಟು ಎಂಬುದನ್ನು ಗೃಹಸ್ಥರು ಅರಿತಿರುವುದು ಒಳಿತೆಂದು ಇಲ್ಲಿ ಬರೆಯುತ್ತೇವೆ.

ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳು ಅಂಕೆಮೀರಿ ಬೆಳೆಯುವುದರಿಂದುಂಟಾಗುವ ಅರ್ಬುದಕ್ಕೆ ಮೆಲನೋಮವೆಂದು ಹೆಸರು. ಬಿಳಿಯ ಮೈಬಣ್ಣದವರಲ್ಲಿ ಇದು ಹೆಚ್ಚು, ನಮ್ಮಲ್ಲಿ ಅಪರೂಪ. ಆದರೆ ನಮ್ಮವರಿಗೆ ಬಂದಾಗ, ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಬುಡ ಇವುಗಳಲ್ಲಿಯೇ ಅನೇಕವೇಳೆ ಕಾಣಿಸಿಕೊಳ್ಳುತ್ತದೆ. ಹೊಲದಲ್ಲಿ ಬರಿಗಾಲಿನಿಂದ ದುಡಿಯುವವರು ‘ಮುಳ್ಳು ಚುಚ್ಚಿರಬೇಕು, ಆಣಿಯಾಗಿರಬೇಕು’ ಎಂದು ತಿಂಗಳುಗಟ್ಟಲೆ ಸುಮ್ಮನಿರುವುದುಂಟು. ಚನ್ನಪಟ್ಟಣದಿಂದಲೋ ಮಾಗಡಿಯಿಂದಲೋ ಹೊರಟು, ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂಥ ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ರೋಗವು ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡಿದ್ದರೆ ಶಸ್ತ್ರಚಿಕಿತ್ಸೆಯೊಂದರಿಂದಲೇ ಕಾರ್ಯವಾಗದು.

ಹಾಗೆ ಹರಡಿದವರಲ್ಲಿ ಹೆಚ್ಚಿನವರು ಹಿಂದೆ ಒಂದು ವರ್ಷವೂ ಬದುಕುತ್ತಿರಲಿಲ್ಲ. ನಮ್ಮ ರಕ್ತದ ಬಿಳಿಕಣಗಳು ಮೈಗೆ ಕಾವಲುಗಾರರು. ಅವು ಮೈಮೇಲೆಯೇ ತಿರುಗಿಬೀಳದಂತೆ ಪ್ರಕೃತಿಯು ಅವುಗಳಿಗೆ ಕಡಿವಾಣ ಹಾಕಿದೆ. ಅರ್ಬುದವು ಆ ಕಡಿವಾಣವನ್ನೇ ಹಿಡಿದು ಜಗ್ಗಿ ಪಾರಾಗುತ್ತದೆ. ಅದನ್ನು ಸಡಿಲಿಸುವ ಬಗೆಯನ್ನು ತೋರಿಸಿದ್ದಕ್ಕಾಗಿ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಾಸುಕು ಹೊಂಜೊ ಇವರಿಗೆ ೨೦೧೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ಬಗೆಯ ಚಿಕಿತ್ಸೆಗೇ ಇಮ್ಯುನೊಥೆರಪಿ ಎಂದು ಹೆಸರು. ಇಪಿಲಿಮುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ೨೦೧೧ರಲ್ಲಿಯೂ, ನಿವೊಲುಮ್ಯಾಬ್ ಮತ್ತು ಪೆಂಬ್ರೊಲಿಜುಮ್ಯಾಬ್‌ಗಳಿಗೆ ೨೦೧೪ರಲ್ಲಿಯೂ ಅನುಮತಿಯಾಯಿತು. ೨೦೨೪ರಲ್ಲಿ ಪ್ರಕಟವಾದ ಒಂದು ದೀರ್ಘ ಪರಿಶೋಧನೆಯಲ್ಲಿ, ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್‌ಗಳೆರಡನ್ನೂ ಕೂಡಿಸಿ ಪಡೆದವರಲ್ಲಿ ನೂರಕ್ಕೆ ೪೩ ಮಂದಿ ಹತ್ತು ವರ್ಷಗಳಾದ ಮೇಲೂ ಜೀವಿಸಿದ್ದರು.

ಇದು ಸಾಮಾನ್ಯವಾದ ಲಾಭವಲ್ಲ. ಆದರೂ ಆ ನೂರರಲ್ಲಿ ಉಳಿದವರ ಗತಿಯನ್ನೂ ನೆನೆಯಬೇಕಷ್ಟೆ. ಅದಲ್ಲದೆ ಅಂಗಾಲಿನ ಮೆಲನೋಮವು ಬಿಸಿಲಿನಿಂದುಂಟಾಗುವ ಬಗೆಯಷ್ಟು ಚೆನ್ನಾಗಿ ಈ ಔಷಧಗಳಿಗೆ ಬಗ್ಗುವುದಿಲ್ಲ. ಬೆಲೆಯೋ ಬಹಳ ದುಬಾರಿ. ಕಡಿವಾಣ ಸಡಿಲವಾದ ಬಿಳಿಕಣಗಳು ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿ ಮೊದಲಾದವುಗಳನ್ನೇ ನೋಯಿಸುವುದೂ ಉಂಟು. ಹೀಗಿರುವಾಗ ಹಿಪ್ಪುನೇರಳೆಯ ತೋಟವನ್ನು ಅಡವಿಡಲು ಹೊರಟ ಮನೆಯವರು ‘ನಮ್ಮವರಿಗೆ ಇದು ಫಲಿಸೀತೆ?’ ಎಂದು ಮುಂಚೆಯೇ ಕೇಳುವುದು ನ್ಯಾಯವಾಗಿದೆ.

ಆ ಪ್ರಶ್ನೆಗೆ ರಕ್ತವು ಕೊಡುವ ಸೂಚನೆಗಳಲ್ಲಿ ಮೂರನ್ನು ಹೇಳುತ್ತೇವೆ. ಮೊದಲನೆಯದು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್, ಸಂಕ್ಷೇಪವಾಗಿ ಎಲ್.ಡಿ.ಎಚ್. ಇದು ಜೀವಕಣಗಳಲ್ಲೆಲ್ಲ ಇರುವ ವಸ್ತು. ಕಣಗಳು ನಾಶವಾದಾಗ ರಕ್ತಕ್ಕೆ ಸೇರುತ್ತದೆ. ಗಡ್ಡೆಯು ಭರದಿಂದ ಬೆಳೆಯುತ್ತಿದ್ದರೆ ಇದರ ಪ್ರಮಾಣವು ಏರುತ್ತದೆ. ಸಹಜಮಿತಿಯ ಎರಡು ಪಟ್ಟನ್ನು ಮೀರಿದವರಲ್ಲಿ ದೀರ್ಘಕಾಲದ ಫಲವನ್ನು ಕಂಡವರು ಬಹಳ ಕಡಿಮೆ. ಆದರೆ ಯಕೃತ್ತಿನ ಕಾಯಿಲೆಯಿಂದಲೂ, ರಕ್ತವನ್ನು ತೆಗೆಯುವಾಗ ಕೆಂಪುಕಣಗಳು ಒಡೆದುದರಿಂದಲೂ ಇದು ಏರಬಹುದು.

ಎರಡನೆಯದು, ಬಿಳಿಕಣಗಳೊಳಗಿನ ಎರಡು ಜಾತಿಗಳ ಪ್ರಮಾಣ. ಸಾಧಾರಣ ರಕ್ತಪರೀಕ್ಷೆಯ ಚೀಟಿಯಲ್ಲಿಯೇ ನ್ಯೂಟ್ರೊಫಿಲ್, ಲಿಂಫೊಸೈಟ್ ಎಂದು ಇವನ್ನು ಬರೆದಿರುತ್ತಾರೆ. ಲಿಂಫೊಸೈಟುಗಳು ಕುಗ್ಗಿ ನ್ಯೂಟ್ರೊಫಿಲುಗಳು ಹಲವು ಪಟ್ಟು ಹೆಚ್ಚಿದ್ದರೆ ಸೂಚನೆಯು ಅಷ್ಟು ಒಳ್ಳೆಯದಲ್ಲ. ಆದರೆ ಸೋಂಕು ತಗಲಿದರೂ, ಸ್ಟೀರಾಯ್ಡ್ ಮಾತ್ರೆ ತಿಂದರೂ ಹೀಗಾಗುವುದುಂಟು. ಮೂರನೆಯದು, ಗಡ್ಡೆಯಿಂದ ಕಳಚಿ ರಕ್ತದಲ್ಲಿ ತೇಲುವ ಡಿ.ಎನ್.ಎ. ತುಣುಕುಗಳು. ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ಇವು ಇಳಿದರೆ ಔಷಧವು ನಾಟುತ್ತಿದೆಯೆಂದು ಭರವಸೆ ತಾಳಬಹುದು.

ಇಲ್ಲಿ ವಾಚಕರು ಒಂದು ಭೇದವನ್ನು ಗಮನಿಸಬೇಕು. ರೋಗದ ಉಗ್ರತೆಯನ್ನು ಹೇಳುವುದು ಬೇರೆ, ಇಂಥ ಔಷಧವು ಇಂಥವರಿಗೆ ನಾಟುವುದೆಂದು ಹೇಳುವುದು ಬೇರೆ. ಮೊದಲೆರಡು ಸೂಚನೆಗಳು ಹೇಳುವುದು ಬಹುಮಟ್ಟಿಗೆ ರೋಗದ ಉಗ್ರತೆಯನ್ನೇ. ಎಲ್.ಡಿ.ಎಚ್. ಏರಿದ್ದರೂ ಗುಣ ಕಂಡವರಿದ್ದಾರೆ, ಸಹಜವಾಗಿದ್ದರೂ ಕಾಣದವರಿದ್ದಾರೆ. ಆದುದರಿಂದ ಒಂದು ಚೀಟಿಯನ್ನು ನಂಬಿ ಚಿಕಿತ್ಸೆಯನ್ನು ಬಿಡತಕ್ಕದ್ದಲ್ಲ. ಒಂದು ಚೀಟಿಯನ್ನು ನಂಬಿ ತೋಟವನ್ನು ಮಾರತಕ್ಕದ್ದೂ ಅಲ್ಲ. ‘ಈ ಪರೀಕ್ಷೆಯ ಫಲದಿಂದ ನಮ್ಮ ಚಿಕಿತ್ಸೆಯು ಬದಲಾಗುವುದೆ? ಫಲವುಂಟೋ ಇಲ್ಲವೋ ಎಂದು ಯಾವಾಗ ತಿಳಿದೀತು? ಬೇರೆ ದಾರಿಯುಂಟೆ?’ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು.

ಇದೆಲ್ಲಕ್ಕಿಂತ ಅಗ್ಗವಾದ ಪರೀಕ್ಷೆಯೊಂದು ಮನೆಯಲ್ಲಿಯೇ ಇದೆ. ತಿಂಗಳಿಗೊಮ್ಮೆ ಮನೆಯ ಹಿರಿಯರ ಅಂಗಾಲನ್ನು ಬೆಳಕಿನಲ್ಲಿ ನೋಡಿರಿ. ಬೆಳೆಯುತ್ತಿರುವ, ಅಂಚು ಸಮವಿಲ್ಲದ, ಬಣ್ಣ ಒಂದೇ ಸಮನಾಗಿರದ ಕಪ್ಪು ಮಚ್ಚೆಯಾಗಲಿ, ಮಾಯದ ಹುಣ್ಣಾಗಲಿ, ಅಗಲವಾಗುತ್ತ ಉಗುರಿನ ಸುತ್ತಲ ಚರ್ಮಕ್ಕೆ ಹರಡುವ ಕಪ್ಪುಗೆರೆಯಾಗಲಿ ಕಂಡರೆ, ಸುಡುವುದನ್ನೂ ಕೊಯ್ಯುವುದನ್ನೂ ಮಾಡದೆ ವೈದ್ಯರಿಗೆ ತೋರಿಸಿರಿ. ಆಳಕ್ಕಿಳಿಯುವ ಮೊದಲೇ ಅದನ್ನು ಶಸ್ತ್ರದಿಂದ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ; ಆಗ ಹನಿರಕ್ತದ ಭವಿಷ್ಯವನ್ನು ಕೇಳುವ ಪ್ರಸಂಗವೇ ಅವರಿಗೆ ಬಾರದಿರಬಹುದು.