ಸರ್ಕಾರದ ರೊಕ್ಕ ಖಾತೆಗೆ ಬರುವ ದಾರಿ



ಸಿಂಧನೂರಿನ ಸಂತೆಯಲ್ಲಿರಲಿ, ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನಲ್ಲಿರಲಿ, ಮಸ್ಕಿಯ ಗೊಬ್ಬರದ ಅಂಗಡಿ ಮುಂದಿರಲಿ, ನಮ್ಮನ್ನು ಕಂಡೊಡನೆ ತಾವು ಕೇಳುವ ಮಾತು ಒಂದೇ: “ಸಾಹೇಬ್ರ, ಬಾಜೂ ಹೊಲದವಂಗ ರೊಕ್ಕ ಬಂತು, ನನಗ್ಯಾಕ ಬರಲಿಲ್ರಿ?” ಇವತ್ತು ಅದನ್ನೇ ಮಾತಾಡೋಣ.

ಮೊದಲು, ಯಾವ ರೊಕ್ಕ ಎಂಬುದು ತಿಳಿದಿರಬೇಕು. ಪಿ.ಎಂ. ಕಿಸಾನ್ ಯೋಜನೆ 2019ರ ಫೆಬ್ರವರಿಯಲ್ಲಿ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಹೊಲ ಎರಡೆಕರೆ ಇರಲಿ, ಹತ್ತೆಕರೆ ಇರಲಿ, ಮೊತ್ತ ಅಷ್ಟೇ. ಇದರ ಮೇಲೆ ರಾಜ್ಯ ಸರ್ಕಾರ ಕೊಡುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಅದಕ್ಕಾಗಿ ಅಲೆದು ಚಪ್ಪಲಿ ಸವೆಸಬೇಡಿರಿ.

ಬೆಳೆಹಾನಿ ಪರಿಹಾರದ ಲೆಕ್ಕ ಬೇರೆ. 2022-23ರಿಂದ 2025-26ರವರೆಗಿನ ಕೇಂದ್ರದ ನಿಯಮದಂತೆ ನೂರಕ್ಕೆ 33 ಭಾಗವಾದರೂ ಬೆಳೆ ಹೋಗಿರಬೇಕು. ಖುಷ್ಕಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000. ಎಕರೆಗೆ ಇಳಿಸಿದರೆ ಸುಮಾರು 3,440 ಮತ್ತು 6,880. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ, ಅಂದರೆ ಐದೆಕರೆಗೆ ಎರಡು ಗುಂಟೆ ಕಡಿಮೆ. 2023ರ ಬರದ ಪರಿಹಾರ ಎರಡು ಸಲವಾಗಿ ಬಂತು. 2024ರ ಜನವರಿಯಲ್ಲಿ ಮೊದಲು ಬಂದದ್ದು 2,000ದವರೆಗೆ. ಅದನ್ನು ಕಿಸಾನ್ ಕಂತೆಂದೇ ತಿಳಿದು ಸುಮ್ಮನಾದವರು ಉಂಟು.

ಇನ್ನು ರೊಕ್ಕ ಎಲ್ಲಿ ತಡೆಯುತ್ತದೆ ಎಂಬುದು. ಪರಿಹಾರದ ಪಟ್ಟಿ ‘ಫ್ರೂಟ್ಸ್’ ಎಂಬ ರೈತರ ನೋಂದಣಿಯಿಂದ ಬರುತ್ತದೆ. ಅದರಲ್ಲಿ ತಮಗೊಂದು ನಂಬರು ಇರುತ್ತದೆ, ಎಫ್.ಐ.ಡಿ. ಅನ್ನುತ್ತೇವೆ. ನಂಬರು ಇದ್ದರೆ ಸಾಲದು. ತಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿರಬೇಕು. ಮಸ್ಕಿ ಹೊಸ ತಾಲೂಕಾದಾಗ ಊರುಗಳು ಹಂಚಿಹೋದವಲ್ಲ, ಒಬ್ಬರದೇ ಒಂದು ಹೊಲ ಮಸ್ಕಿಗೆ, ಇನ್ನೊಂದು ಲಿಂಗಸೂಗೂರಿಗೆ. ಎರಡೂ ಒಂದೇ ಎಫ್.ಐ.ಡಿ.ಯಲ್ಲಿ ಬರಬೇಕು. ಸೇರಿಸದೆ ಬಿಟ್ಟ ಹೊಲ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬೆಳೆ ಸಮೀಕ್ಷೆಯಲ್ಲಿ ತೊಗರಿ ಇದ್ದಲ್ಲಿ ಸಜ್ಜೆ ಬರೆದಿದ್ದರೆ, ನೀರಾವರಿ ಹೊಲ ಖುಷ್ಕಿ ಎಂದಿದ್ದರೆ, ಅದನ್ನೂ ಬೆಳೆ ನಿಂತಿರುವಾಗಲೇ ತಿದ್ದಿಸಬೇಕು. ಕಟಾವಾದ ಮೇಲೆ ತೋರಿಸಲಿಕ್ಕೆ ಏನಿದೆ?

ಎರಡನೆಯದು ಬ್ಯಾಂಕು. ಯಜಮಾನರೊಬ್ಬರು ಪಾಸ್‌ಬುಕ್ ಹಿಡಿದು ನಾಲ್ಕು ಸಲ ನಮ್ಮಲ್ಲಿಗೆ ಬಂದರು. “ಒಂದು ಪೈಸಾ ಇಲ್ರಿ ಸಾಹೇಬ್ರ.” ನೋಡಿದರೆ ಕಂತುಗಳೆಲ್ಲ ಸಂದಾಯವಾಗಿವೆ! ಹಿಂದೊಮ್ಮೆ ಕೂಲಿ ಹಣಕ್ಕೆಂದು ತೆಗೆದು ಮರೆತಿದ್ದ ಬೇರೆ ಬ್ಯಾಂಕಿನ ಖಾತೆಯಲ್ಲಿ ಎಲ್ಲವೂ ಕೂತಿತ್ತು. ಆಧಾರ್ ಮೂಲಕ ಕಳಿಸಿದ ರೊಕ್ಕ ತಾವು ಬರೆಸಿದ ಖಾತೆಗೆ ಹೋಗುವುದಿಲ್ಲ. ಆಧಾರ್ ಕಡೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಖಾತೆ ಎರಡು ಮೂರು ಇದ್ದವರು ಬ್ಯಾಂಕಿನಲ್ಲಿ ಇದನ್ನೇ ಕೇಳಿರಿ.

ಕಿಸಾನ್ ಕಂತಿಗೆ ಇ-ಕೆವೈಸಿಯೂ ಆಗಬೇಕು. ಹೊಲದ ಕೆಲಸದಿಂದ ಬೆರಳಚ್ಚು ಸವೆದವರು ಮುಖ ತೋರಿಸಿ ಮಾಡಿಸಬಹುದು.

ಎಲ್ಲಕ್ಕಿಂತ ದೊಡ್ಡ ತೊಡಕು ಪಹಣಿಯದು. ತಂದೆ ತೀರಿ ವರ್ಷಗಳಾದರೂ ಹೊಲ ಅವರ ಹೆಸರಲ್ಲೇ ಇರುತ್ತದೆ. ತೀರಿದವರ ಖಾತೆಗೆ ಸರ್ಕಾರ ರೊಕ್ಕ ಹಾಕದು, ಮಕ್ಕಳ ಹೆಸರು ಪಹಣಿಯಲ್ಲಿಲ್ಲ. ಅಣ್ಣತಮ್ಮಂದಿರ ಜಗಳ ತೀರಲಿ ಎಂದು ಕಾಯಬೇಡಿರಿ. ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆದುಕೊಂಡು ಪೌತಿ ಖಾತೆಗೆ ಅರ್ಜಿ ಕೊಡಿರಿ. ಪಾಲು ಆಮೇಲಾದರೂ ಆದೀತು. 2019ರ ಫೆಬ್ರವರಿ 1ರ ನಂತರ ಕೊಂಡ ಹೊಲಕ್ಕೆ ಕಿಸಾನ್ ಹಣ ಸಿಗದು, ಆದರೆ ವಾರಸುದಾರಿಕೆಯಿಂದ ಬಂದದ್ದಕ್ಕೆ ಆ ಅಡ್ಡಿಯಿಲ್ಲ.

ಕಾಲುವೆ ಭಾಗದಲ್ಲಿ ಲೀಜಿಗೆ ಭತ್ತ ಹಾಕುವವರ ಪ್ರಶ್ನೆಗೆ ಮಾತ್ರ ನನ್ನ ಬಳಿ ಸಮಾಧಾನದ ಉತ್ತರವಿಲ್ಲ. ಬೀಜ, ಗೊಬ್ಬರ, ಸಾಲ ಅವರದು. ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ. ಇದು ಸರಿಯೆಂದು ನಾನು ಹೇಳಲಾರೆ. ಹೊಲದ ಧಣಿಯೊಡನೆ ನಾಟಿಗೆ ಮುಂಚೆಯೇ ಮಾತಾಡಿ, ಪರಿಹಾರ ಬಂದರೆ ಯಾರಿಗೆಷ್ಟು ಎಂದು ಕಾಗದದಲ್ಲಿ ಬರೆಸಿಕೊಳ್ಳಿರಿ.

ರೈತ ಸಂಪರ್ಕ ಕೇಂದ್ರಕ್ಕೆ ಬರುವಾಗ ಆಧಾರ್, ಎಲ್ಲ ಪಹಣಿ, ಎಲ್ಲ ಪಾಸ್‌ಬುಕ್ಕು ತನ್ನಿರಿ. ಕಿಸಾನ್ ಕಂತಿನ ವಿಚಾರಕ್ಕೆ 155261ಕ್ಕೆ ಫೋನೂ ಮಾಡಬಹುದು.