ಪ್ರಿಂಟರ್ ಮರುಮಾತಾಡಲಿ



ಶಾಯಿ ಮಸುಕಾದ ಬಿಲ್ಲಿನಲ್ಲಿ ಜಿಡ್ಡಿನಂಶ 3.8 ಇದ್ದದ್ದು 3.3 ಎಂದು ಕಂಡು ತಕರಾರಾಗುವುದುಂಟು. ಶಾಯಿ ಮುಗಿಯುತ್ತಿದೆಯೆಂದು ಪ್ರಿಂಟರ್ ಮುಂಚೆಯೇ ಕಂಪ್ಯೂಟರಿಗೆ ತಿಳಿಸಿದರೆ ಇದು ತಪ್ಪುತ್ತದೆ. ಹಳೆಯ ಪ್ಯಾರಲಲ್ ಜೋಡಣೆಯಲ್ಲಿ 'ಕಾಗದವಿಲ್ಲ', 'ಕೆಲಸದಲ್ಲಿದ್ದೇನೆ' ಎಂಬಂಥ ಕೆಲವೇ ಸಂಜ್ಞೆಗಳು ಹಿಂದಿರುಗುತ್ತಿದ್ದವು. 1994ರ ಐಇಇಇ 1284 ಮಾನಕದಿಂದ ಮಾಹಿತಿ ಎರಡೂ ಕಡೆ ಹರಿಯುವಂತಾಯಿತು. ಯುಎಸ್‌ಬಿ ಜೋಡಣೆಗೂ ಈ ಗುಣವಿದೆ.

ಸಂಘದ ಕಾರ್ಯದರ್ಶಿಗಳು ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು, 'ಪೋರ್ಟ್ಸ್' ಪುಟದಲ್ಲಿ 'ಎನೇಬಲ್ ಬೈಡೈರೆಕ್ಷನಲ್ ಸಪೋರ್ಟ್' ಎಂಬಲ್ಲಿ ಗುರುತು ಹಾಕಬೇಕು. ಆ ಸಾಲು ಮಂಕಾಗಿದ್ದು ಗುರುತು ಬೀಳದಿದ್ದರೆ, ಆ ಮಾದರಿಯದೇ ಡ್ರೈವರ್ ಹಾಕಿದೆಯೇ ನೋಡಬೇಕು. ಡಾಟ್ ಮ್ಯಾಟ್ರಿಕ್ಸ್ ಯಂತ್ರದಲ್ಲಿ ರಿಬ್ಬನ್ ಸವೆದದ್ದು ಸಾಮಾನ್ಯವಾಗಿ ಕಂಪ್ಯೂಟರಿಗೆ ತಿಳಿಯದು. ಬಟವಾಡೆಯ ಹಿಂದಿನ ದಿನವೇ ಒಂದು ಚೀಟಿ ಮುದ್ರಿಸಿ ನೋಡುವುದು ಒಳ್ಳೆಯದು.