ಅಲಗಿಗೊಂದು ಹದ, ಕಮಾನಿಗೊಂದು ಹದ

ಪುಣೆಯಲ್ಲಿ ಹುಟ್ಟಿ, ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್ ಹಾದು, ಹೈದರಾಬಾದ್ ದಾಟಿ ಮಚಲೀಪಟ್ಟಣದ ಕಡಲಿಗೆ ಇಳಿಯುವ 65ನೇ ರಾಷ್ಟ್ರೀಯ ಹೆದ್ದಾರಿಯು ಚೆನ್ನೈ–ಕೋಲ್ಕತ್ತಾ ಹೆದ್ದಾರಿಯನ್ನು ಸಂಧಿಸುವುದು ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ. ಅಲ್ಲಿಗೆ ಸಮೀಪದ ಜವಾಹರ್ ಆಟೋನಗರದಲ್ಲಿ ಲಾರಿ ಕಟ್ಟುವವರು, ಬಿಚ್ಚುವವರು, ಬೆಸುಗೆ ಹಾಕುವವರು ಸಾಲುಸಾಲಾಗಿ ಇದ್ದಾರೆ. ಬಿಚ್ಚಿಟ್ಟ ಲಾರಿಯ ಅಡಿಯಲ್ಲಿ ಬಗ್ಗಿ ನೋಡಿದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಕಾಣುತ್ತವೆ. ಅವು ಕಮಾನು ಪಟ್ಟಿಗಳು. ಹತ್ತು ಟನ್ ಸರಕು ಹೊತ್ತು ಗುಂಡಿ ಹಾರಿದಾಗ ಬಗ್ಗುತ್ತವೆ, ಮರುಕ್ಷಣ ಮೊದಲಿನ ಆಕಾರಕ್ಕೆ ಮರಳುತ್ತವೆ. ವಯಸ್ಸಾಗಿ ಮುರಿದ ಪಟ್ಟಿ ಗುಜರಿಗೆ ಹೋಗುತ್ತದೆ. ಅಲ್ಲಿಂದ ಎಷ್ಟೋ ಪಟ್ಟಿಗಳು ಕಮ್ಮಾರನ ಕುಲುಮೆ ಸೇರಿ ಕುಡುಗೋಲು, ಮಚ್ಚು, ಚಾಕು ಆಗಿ ಹೊರಬರುತ್ತವೆ. ಆಂಧ್ರದಲ್ಲೂ ಹೀಗೆ, ಕರ್ನಾಟಕದಲ್ಲೂ ಹೀಗೆ. ಹೆದ್ದಾರಿ ಬದಿಯಲ್ಲಿ ಎಳನೀರು ಕೆತ್ತಿ ಕೊಡುವವನ ಕೈಯಲ್ಲಿರುವ ಮಚ್ಚು ಹಿಂದೊಮ್ಮೆ ಲಾರಿ ಹೊತ್ತಿದ್ದಿರಬಹುದು.

ಬಗ್ಗುವುದೇ ಕೆಲಸವಾಗಿದ್ದ ಉಕ್ಕು ಬಗ್ಗದೆ ಕಡಿಯುವ ಅಲಗಾದದ್ದು ಹೇಗೆ? ಲೋಹ ಅದೇ, ಅದರೊಳಗಿನ ಇಂಗಾಲವೂ ಹೆಚ್ಚುಕಡಿಮೆ ಅಷ್ಟೇ, ನೂರಕ್ಕೆ ಅರ್ಧ ಪಾಲಿನಿಂದ ಸ್ವಲ್ಪ ಮೇಲೆ. ಬದಲಾದದ್ದು ಹದ. ನಮ್ಮ ಜೇಬಿನ ಮಡಚುವ ಚಾಕುವಿನ ಗುಟ್ಟೂ ಇದೇ. ಅಂಗೈಯಗಲದ ಆ ಯಂತ್ರದಲ್ಲಿ ಕಡಿಯುವ ಅಲಗು, ಬಗ್ಗುವ ಕಮಾನು ಎರಡೂ ಒಟ್ಟಿಗಿವೆ.

ಕಮ್ಮಾರ ಮಾಡುವುದನ್ನು ಗಮನಿಸಿ. ಬಡಿದು ಆಕಾರಕ್ಕೆ ತಂದ ಅಲಗನ್ನು ಕೆಂಪಗೆ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾನೆ. ಆ ಬಿಸಿಯಲ್ಲಿ ಇಂಗಾಲದ ಪರಮಾಣುಗಳು ಕಬ್ಬಿಣದ ಹರಳುಗಳೊಳಗೆ ಕರಗಿ ಹರಡಿಕೊಳ್ಳುತ್ತವೆ. ಆಮೇಲೆ ಬಾಯಿಯ ಕಡೆಯನ್ನಷ್ಟೇ ನೀರಿಗೆ ಅದ್ದುತ್ತಾನೆ. ಹಠಾತ್ತನೆ ತಣಿದಾಗ ಇಂಗಾಲಕ್ಕೆ ಹೊರಬರಲು ಪುರುಸೊತ್ತು ಸಿಗುವುದಿಲ್ಲ. ಹರಳು ಇಂಗಾಲವನ್ನು ಒಳಗೇ ಹಿಡಿದಿಟ್ಟುಕೊಂಡು ಸೆಟೆದು ನಿಲ್ಲುತ್ತದೆ. ವಿಜ್ಞಾನಿಗಳು ಮಾರ್ಟೆನ್ಸೈಟ್ ಎನ್ನುವ ಈ ಸ್ಥಿತಿಯಲ್ಲಿ ಉಕ್ಕು ಬಹಳ ಗಟ್ಟಿ, ಆದರೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಸಿಡಿದೀತು. ಅದಕ್ಕೇ ಎರಡನೇ ಹಂತ. ಅಲಗಿನ ಬೆನ್ನಿನಲ್ಲಿ ಉಳಿದ ಬಿಸಿ ನಿಧಾನವಾಗಿ ಬಾಯಿಯ ಕಡೆ ಹರಿಯುತ್ತದೆ. ಉಜ್ಜಿ ಬೆಳಗಿಸಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ. ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 300ರ ಆಸುಪಾಸಿನಲ್ಲಿ ನೀಲಿ. ಆ ಬಣ್ಣ ಮೇಲ್ಮೈಯ ತೆಳು ಆಕ್ಸೈಡ್ ಪದರದ್ದು, ಪದರ ದಪ್ಪವಾದಂತೆ ಬಣ್ಣವೂ ಬದಲಾಗುತ್ತದೆ. ಹಳದಿಯಲ್ಲಿ ನಿಲ್ಲಿಸಿದರೆ ಚಾಕು, ನೀಲಿಯವರೆಗೆ ಬಿಟ್ಟರೆ ಕಮಾನು. ಉಷ್ಣಮಾಪಕವಿಲ್ಲದೆ ಕಣ್ಣಿನಿಂದಲೇ 70 ಡಿಗ್ರಿಯ ಅಂತರ ಗುರುತಿಸುವ ಆ ಅರಿವನ್ನು ನಾನು ಯಾವ ಪ್ರಯೋಗಾಲಯದ ಅರಿವಿಗಿಂತ ಕಡಿಮೆಯೆಂದು ಎಣಿಸುವುದಿಲ್ಲ.

ಈ ಅರಿವಿನ ಹಿಂದೆ ದಕ್ಷಿಣ ಭಾರತದ ದೊಡ್ಡ ಚರಿತ್ರೆಯಿದೆ. ಮೈಸೂರು ಸೀಮೆಯಲ್ಲಿ, ತೆಲುಗು ನಾಡಿನಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನು ಇಂಗಾಲದೊಂದಿಗೆ ಮುಚ್ಚಿ ಕಾಯಿಸಿ ತಯಾರಿಸುತ್ತಿದ್ದ ಉಕ್ಕು ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಯಿತು. 1790ರ ದಶಕದಲ್ಲಿ ಮುಂಬೈಯಿಂದ ಡಾಕ್ಟರ್ ಸ್ಕಾಟ್ ಎಂಬಾತ ಅದರ ತುಂಡುಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಅಲ್ಲಿ ಅದರಿಂದ ಮೊದಲು ಮಾಡಿಸಿ ನೋಡಿದ ವಸ್ತುಗಳಲ್ಲಿ ಒಂದು ಪುಟ್ಟ ಪೆನ್‌ನೈಫ್, ಹಕ್ಕಿಯ ಗರಿಯ ಲೇಖನಿಯನ್ನು ಚೂಪು ಮಾಡುವ ಚಾಕು. ಮಾಡಿದವನು ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ. ಅದು ಅತ್ಯುತ್ತಮ ಇಂಗ್ಲಿಷ್ ಉಕ್ಕಿನ ಚಾಕುವಿಗೆ ಸಮನಾಗಿತ್ತೆಂದು ಜಾರ್ಜ್ ಪಿಯರ್ಸನ್ 1795ರ ಪ್ರಬಂಧದಲ್ಲಿ ವರದಿ ಮಾಡಿದ. ಮುಂದೆ 1819ರಲ್ಲಿ ಮೈಕೇಲ್ ಫ್ಯಾರಡೆ ಇದೇ ಉಕ್ಕನ್ನು ವಿಶ್ಲೇಷಿಸಿದ. ಮರುವರ್ಷ ಅವನೂ ಸ್ಟೋಡಾರ್ಟನೂ ಸೇರಿ ಉಕ್ಕಿಗೆ ಬೇರೆ ಲೋಹಗಳನ್ನು ಬೆರೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ವಿದ್ಯುತ್ತಿನ ಫ್ಯಾರಡೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ, ನಮ್ಮ ಉಕ್ಕಿನ ಬೆನ್ನುಹತ್ತಿದ ಫ್ಯಾರಡೆಯನ್ನೂ ಓದಬೇಕು.

ಇನ್ನು ಮಡಚುವ ಚಾಕುವಿನೊಳಗೆ ಹೋಗೋಣ. ಅದರ ಹಿಡಿಯ ಬೆನ್ನಿಗೆ ಒಂದು ಉದ್ದ ಉಕ್ಕಿನ ಪಟ್ಟಿಯಿದೆ, ಅದೇ ಕಮಾನು. ಅಲಗಿನ ಬುಡ ಚೌಕಾಕಾರದ್ದು, ನಡುವೆ ತೂತು, ತೂತಿನಲ್ಲಿ ರಿವೆಟ್. ಚಾಕು ಮುಚ್ಚಿದ್ದಾಗ ಬುಡದ ಒಂದು ಸಮತಲ ಕಮಾನಿನ ಮೇಲೆ ಒರಗಿರುತ್ತದೆ. ಉಗುರು ಸಿಕ್ಕಿಸಿ ಬಿಡಿಸುವಾಗ ಬುಡದ ಮೂಲೆ ಕಮಾನನ್ನು ಒಂದಿಷ್ಟು ಎತ್ತುತ್ತದೆ. ಮೂಲೆ ದಾಟಿದೊಡನೆ ಕಮಾನು ಮುಂದಿನ ಸಮತಲದ ಮೇಲೆ ಟಕ್ಕನೆ ಬೀಳುತ್ತದೆ, ಅಲಗು ನೆಟ್ಟಗೆ ನಿಲ್ಲುತ್ತದೆ. ಅಷ್ಟೇ ಯಂತ್ರ. ಅಲಗನ್ನು ತೆರೆದು ಹಿಡಿಯುವುದೂ ಮುಚ್ಚಿ ಹಿಡಿಯುವುದೂ ಆ ಒಂದೇ ಪಟ್ಟಿ. ಆದರೆ ಇದು ಬೀಗವಲ್ಲ. ಅಲಗಿನ ಬೆನ್ನಿಗೆ ಒತ್ತಡ ಬಿದ್ದರೆ ಚಾಕು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ತಿರುಗಿಸಿ ಭದ್ರಪಡಿಸುವ ಉಂಗುರ ಬಂದದ್ದು ಈ ಅಪಾಯವನ್ನು ತಪ್ಪಿಸಲೆಂದೇ.

ಈ ಕಮಾನಿಗೆ ಇನ್ನಷ್ಟು ಕೆಲಸ ಹಚ್ಚಿದವನು ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್. ಅವನು 1884ರಲ್ಲಿ ಇಬಾಕ್ ಎಂಬ ಊರಿನಲ್ಲಿ ಚಾಕುವಿನ ಕಾರ್ಖಾನೆ ತೆರೆದ. 1891ರಲ್ಲಿ ಸ್ವಿಸ್ ಸೈನಿಕರಿಗೆ ಅವನು ಕೊಟ್ಟ ಚಾಕುವಿನಲ್ಲಿ ಅಲಗು, ದಬ್ಬಣ, ಡಬ್ಬಿ ತೆರೆಯುವ ಸಾಧನ, ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಇದ್ದವು. ಗಟ್ಟಿ, ಆದರೆ ಭಾರ. 1897ರಲ್ಲಿ ಅವನು ಕಂಡುಕೊಂಡ ಉಪಾಯ ಸರಳ: ಒಂದೇ ಕಮಾನು ಹಿಡಿಯ ಎರಡೂ ಬದಿಯ ಉಪಕರಣಗಳನ್ನು ಹಿಡಿಯುವಂತೆ ಮಾಡಿದ. ಎರಡೇ ಕಮಾನಿನಲ್ಲಿ ಆರು ಉಪಕರಣ. ಇಂದಿಗೂ ಕೆಂಪು ಹಿಡಿಯ ಆ ಚಾಕುವಿನ ಎಲುಬು ಅದೇ. ತಾಯಿ ವಿಕ್ಟೋರಿಯಾಳ ಹೆಸರು 1909ರಲ್ಲಿ ಕಂಪನಿಗೆ ಬಂತು. ತುಕ್ಕು ಹಿಡಿಯದ ಉಕ್ಕಿನ ಗುರುತಾದ ‘ಇನಾಕ್ಸ್’ 1921ರಲ್ಲಿ ಸೇರಿ ವಿಕ್ಟೋರಿನಾಕ್ಸ್ ಆಯಿತು.

ಈ ಕಂಪನಿ ತನ್ನ ಚಾಕುವಿನ ಒಂದೊಂದು ಭಾಗಕ್ಕೂ ಕೊಡುವ ಹದವನ್ನು ನೋಡಿದರೆ ನಮ್ಮ ಕಮ್ಮಾರನ ಹಳದಿ, ನೀಲಿ ನೆನಪಾಗದೆ ಇರದು. ಗಡಸುತನ ಅಳೆಯಲು ರಾಕ್‌ವೆಲ್ ಎಂಬ ಮಾಪನವಿದೆ. ವಜ್ರದ ಮೊನೆಯನ್ನು 150 ಕಿಲೋ ಭಾರದಲ್ಲಿ ಉಕ್ಕಿಗೆ ಒತ್ತಿ, ಎಷ್ಟು ಆಳ ಇಳಿಯಿತೆಂದು ನೋಡುತ್ತಾರೆ. ಕಡಿಮೆ ಇಳಿದಷ್ಟೂ ಅಂಕ ಹೆಚ್ಚು. ಸ್ವಿಸ್ ಚಾಕುವಿನ ಅಲಗು 56, ಗರಗಸ ಮತ್ತು ಕತ್ತರಿ 53, ಸ್ಕ್ರೂಡ್ರೈವರ್ ಮತ್ತು ಡಬ್ಬಿ ತೆರೆಯುವ ಸಾಧನ 52, ಕಮಾನು 49. ಸ್ಕ್ರೂಡ್ರೈವರನ್ನು ಅಲಗಿನಷ್ಟೇ ಗಡಸು ಮಾಡಿದರೆ ತಿರುಚುವಾಗ ತುದಿ ಚಕ್ಕೆ ಏಳುತ್ತದೆ. ಕಮಾನನ್ನು ಹಾಗೆ ಮಾಡಿದರೆ ಸಾವಿರಾರು ಸಲ ಬಗ್ಗುವ ಬದಲು ಒಂದು ದಿನ ಮುರಿಯುತ್ತದೆ. ಅಂಗಡಿಯ ಅಗ್ಗದ ಚಾಕು ಬೇಗ ಸಡಿಲವಾಗುವುದಕ್ಕೆ ಹದಗೆಟ್ಟ ಕಮಾನೂ ಕಾರಣವಾಗಬಹುದು. ಆದ್ದರಿಂದ ಕೊಳ್ಳುವಾಗ ಅಲಗಿನ ಹೊಳಪಿಗಿಂತ ಮೊದಲು ಆ ‘ಟಕ್’ ಕೇಳಿ. ತೆರೆದ ಅಲಗನ್ನು ಮೆಲ್ಲಗೆ ಅಡ್ಡಕ್ಕೆ ಅಲ್ಲಾಡಿಸಿ ನೋಡಿ.

ಬಹುಪಯೋಗಿ ಇಕ್ಕಳದ ಕತೆ ಬೇರೆ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯ ಜೊತೆ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದ. ಕಾರು ಕೆಡುತ್ತಿತ್ತು, ಹೋಟೆಲಿನ ನಲ್ಲಿಗಳು ಸೋರುತ್ತಿದ್ದವು, ಜೇಬಿನ ಚಾಕುವಿನಲ್ಲಿ ಇಕ್ಕಳ ಇರಲಿಲ್ಲ. ಊರಿಗೆ ಮರಳಿ ವರ್ಷಗಟ್ಟಲೆ ತಿದ್ದಿ ತೀಡಿ 1983ರಲ್ಲಿ ಕಂಪನಿ ಕಟ್ಟಿದ. ಮಡಚುವ ಹಿಡಿಗಳೇ ಇಕ್ಕಳದ ತೋಳುಗಳಾಗುವುದು ಅದರ ಜಾಣ್ಮೆ. ಉದ್ದ ತೋಳಿಗೆ ಹಾಕಿದ ಬಲ ಗಿಡ್ಡ ದವಡೆಯಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಆದರೂ ದಿನವಿಡೀ ತಂತಿ ತಿರುಚುವ ಆಟೋನಗರದ ಮೆಕ್ಯಾನಿಕ್‌ಗೆ ಪ್ರತ್ಯೇಕ ಇಕ್ಕಳವೇ ಬೇಕು. ಮನೆಯವರಿಗೆ, ಪ್ರಯಾಣಿಕರಿಗೆ, ತೋಟ ಸುತ್ತುವವರಿಗೆ ನಾಲ್ಕೈದು ಉಪಕರಣದ ಚಾಕು ಸಾಕು. ಇಪ್ಪತ್ತು ಮೂವತ್ತು ಉಪಕರಣ ತುಂಬಿದ್ದು ಕೈಹಿಡಿತಕ್ಕೆ ಸಿಗುವುದಿಲ್ಲ, ಜೇಬಿನಲ್ಲೂ ಉಳಿಯುವುದಿಲ್ಲ.

ಒಂದರಲ್ಲೇ ಹಲವು ಕೆಲಸ ಮಾಡುವ ಸಾಧನ ನಮಗೆ ಹೊಸದಲ್ಲ. ಕೊಡವರ ಪೀಚೆಕತ್ತಿಯನ್ನು ನೋಡಿ. ಕುಪ್ಯ ಎಂಬ ನಿಲುವಂಗಿಯ ಮೇಲೆ ಬಿಗಿದ ಚೇಲೆ ಎಂಬ ಕೆಂಪು ನಡುಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳುವ ಆ ಪುಟ್ಟ ಕತ್ತಿಯ ಹಿಡಿಗೆ ಎಷ್ಟೋ ಸಲ ಗಿಣಿಮೂತಿಯ ಬೆಳ್ಳಿ ತುದಿ ಇರುತ್ತದೆ. ಹಳೆಯ ಒಳ್ಳೆಯ ಕತ್ತಿಗಳ ಒರೆಯಿಂದ ಬೆಳ್ಳಿ ಸರಪಳಿ ಇಳಿಬಿದ್ದು, ಅದರ ತುದಿಯಲ್ಲಿ ಚಿಮುಟ, ಕಿವಿಗುಗ್ಗೆ ತೆಗೆಯುವ ಕಡ್ಡಿಯಂಥ ಸಣ್ಣ ಸಾಧನಗಳು ತೂಗುತ್ತವೆ. ಇವತ್ತಿನ ಎಷ್ಟೋ ಸ್ವಿಸ್ ಚಾಕುಗಳ ಹಿಡಿಯಲ್ಲೂ ಒಂದು ಚಿಮುಟ ಅಡಗಿರುತ್ತದೆ. ಅಡುಗೆಮನೆಯ ಈಳಿಗೆಮಣೆಯೂ ಅಷ್ಟೇ: ಬಾಯಿಯಲ್ಲಿ ತರಕಾರಿ ಹೆಚ್ಚುವುದು, ತುದಿಯ ಹಲ್ಲಿನಲ್ಲಿ ತೆಂಗಿನಕಾಯಿ ತುರಿಯುವುದು. ಮಣೆಯ ಮೇಲೆ ಕೂತವರ ಭಾರವೇ ಅಲಗನ್ನು ಅಲುಗಾಡದಂತೆ ಹಿಡಿದು, ಎರಡೂ ಕೈಗಳನ್ನು ಕೆಲಸಕ್ಕೆ ಬಿಟ್ಟುಕೊಡುತ್ತದೆ.

ಹಳೆಯ ಅಲಗುಗಳಿಗೂ ಹೊಸವಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. 1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಸುಮಾರು ನೂರಕ್ಕೆ 13 ಪಾಲು ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕಿಗೆ ಜಗ್ಗುವುದಿಲ್ಲವೆಂದು ಕಂಡ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಕಮ್ಮಾರನ ಉಕ್ಕಿಗೆ ಆ ಪೊರೆಯಿಲ್ಲ. ಬಾಳೆಕಾಯಿ ಹೆಚ್ಚಿದರೆ ಅದರ ಒಗರು ಕಬ್ಬಿಣದೊಂದಿಗೆ ಸೇರಿ ಅಲಗು ಕಪ್ಪಾಗುತ್ತದೆ. ಒರೆಸಿ ಒಣಗಿಸಿ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಮಲೆನಾಡಿನ ಮಳೆಗಾಲವನ್ನೂ ಅದು ತಾಳುತ್ತದೆ. ಸಾಣೆ ಹಿಡಿಯುವಾಗ ಎರಡೂ ಮಗ್ಗುಲಿಗೆ 15ರಿಂದ 20 ಡಿಗ್ರಿ ಕೋನ ಸಾಕು. ಯಂತ್ರದ ಸಾಣೆಯಲ್ಲಿ ಕಿಡಿ ಹಾರಿಸುತ್ತಾ ಉಜ್ಜಿಸಬೇಡಿ. ಬಾಯಿ ನೀಲಿಗೆ ತಿರುಗಿದರೆ ಹದ ಹೋಯಿತೆಂದೇ ಅರ್ಥ.

ಕಾನೂನಿನ ಮಾತು ಚುಟುಕಾಗಿ: ನಮ್ಮ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಹೆಸರಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಅದರಿಂದ ಹೊರಗೆ. ಜೇಬಿನ ಚಾಕು ಈ ಅಳತೆಗಿಂತ ಎಷ್ಟೋ ಚಿಕ್ಕದು. ಆದರೂ ಜಾತ್ರೆ, ಚುನಾವಣೆ, ನಿಷೇಧಾಜ್ಞೆಯ ದಿನಗಳಲ್ಲಿ ಮನೆಯಲ್ಲೇ ಇಡಿ. ವಿಮಾನ ಹತ್ತುವಾಗ ಕೈಚೀಲದಲ್ಲಿ ಬೇಡ, ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕಿ.

ಸಂಗ್ರಹದ ಆಸೆ ಇದ್ದವರು ವಿದೇಶದ ದುಬಾರಿ ಚಾಕುವಿನಿಂದಲೇ ಆರಂಭಿಸಬೇಕಿಲ್ಲ. ಅಜ್ಜಿಯ ಅಡಕತ್ತರಿ, ಅಟ್ಟದ ಮೇಲಿನ ಈಳಿಗೆಮಣೆ, ಮನೆತನದ ಪೀಚೆಕತ್ತಿ, ಲಾರಿ ಪಟ್ಟಿಯಿಂದ ಬಡಿದ ಮಚ್ಚು ಇವೆಲ್ಲ ಗುಜರಿಯ ತೂಕಕ್ಕೆ ಹೋಗುತ್ತಿವೆ. ಕೊಡಬೇಡಿ. ಮಾಡಿದ ಕಮ್ಮಾರ ಯಾರು, ಯಾವ ಊರು, ಯಾವ ಉಕ್ಕು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಕಟ್ಟಿಡಿ.